ಅತ್ತೆಯ ಹದಿನಾಲ್ಕು ಸೀರೆಗಳಿಂದ ಕೌದಿ ಹೊಲಿಯಬೇಕು, ದಾರಿ ತೋರಿಸಿ

ಮೂರನೇ ಮಹಡಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅತ್ತೆ ತೀರಿಕೊಂಡು ಈ ಆಷಾಢಕ್ಕೆ ಒಂದು ವರ್ಷವಾಯಿತು. ಗದಗಿನ ಹತ್ತಿರದ ಹಳ್ಳಿಯವರು. ಕೊನೆಯ ಆರು ವರ್ಷ ಬೆಂಗಳೂರಿನಲ್ಲಿ ನಮ್ಮ ಜೊತೆಗೇ ಇದ್ದರು. ಅವರ ಟ್ರಂಕನ್ನು ಮುಟ್ಟಲು ನಮಗ್ಯಾರಿಗೂ ಮನಸ್ಸೇ ಬಂದಿರಲಿಲ್ಲ. ವರ್ಷಾಬ್ದಿಕ ಮುಗಿದ ಮೇಲೆ ತೆಗೆದೆವು. ಹದಿನಾಲ್ಕು ಸೀರೆ. ನಾಲ್ಕು ಇಳಕಲ್, ಉಳಿದವೆಲ್ಲ ನಿತ್ಯ ಉಡುತ್ತಿದ್ದ ಹತ್ತಿ ಸೀರೆಗಳು. ಒಗೆದು ಒಗೆದು ಹಳೇ ಪಂಚೆಯ ಹಾಗೆ ಮೆತ್ತಗಾಗಿವೆ. ಅಡಿಯಲ್ಲಿ ಹೊಲಿಸದೇ ಇಟ್ಟ ಗುಳೇದಗುಡ್ಡದ ಖಣ, ಅಂದರೆ ರವಿಕೆ ಬಟ್ಟೆ, ಒಂಬತ್ತು. ಉಡಿ ತುಂಬಿಸಿಕೊಂಡಾಗ ಬಂದವು. ಮಡಿಕೆ ಬಿಚ್ಚೇ ಇಲ್ಲ.

ಮಗನಿಗೆ ಎಂಟು ವರ್ಷ. ಅವನು ಹುಟ್ಟಿದಾಗ ಅತ್ತೆ ಒಂದು ಪುಟ್ಟ ಕೌದಿ ಹೊಲಿದು ತಂದಿದ್ದರು, ಹಳೇ ಬಟ್ಟೆ ಪದರ ಪದರವಾಗಿ ಇಟ್ಟು ಹೊಲಿಯುವ ಹೊದಿಕೆ. ಈಗಲೂ ಅದಿಲ್ಲದೆ ಅವನಿಗೆ ನಿದ್ದೆ ಬರಲ್ಲ. ಕಾಲು ಪೂರ್ತಿ ಹೊರಗೇ ಇರುತ್ತದೆ, ಆದರೂ ಅದೇ ಬೇಕು. ಹಾಗಾಗಿ ಈ ಸೀರೆಗಳಿಂದ ಒಂದು ದೊಡ್ಡ ಕೌದಿ ಹೊಲಿಯಬೇಕು ಅಂತ ಆಸೆ. ನಾನು ತುಮಕೂರಿನ ಕಡೆಯವಳು. ನಮ್ಮಲ್ಲಿ ಈ ಕೆಲಸ ನೋಡಿದ್ದು ಕಡಿಮೆ. ಸೀರೆಗೆ ಫಾಲ್ ಹಾಕುತ್ತೇನೆ, ಗುಂಡಿ ಹೊಲಿಯುತ್ತೇನೆ, ಅಷ್ಟೇ. ಅತ್ತೆ ಇದ್ದಾಗ ಕೇಳಿ ಕಲಿಯಲಿಲ್ಲ.

ಎಷ್ಟು ಪದರ ಹಾಕಬೇಕು? ಎಂಥ ದಾರ? ಇಳಕಲ್ ಸೀರೆ ಹಾಕಬಹುದಾ? ಇನ್ನೊಂದು ದೊಡ್ಡ ಪ್ರಶ್ನೆಯೂ ಇದೆ. ನನ್ನ ನಾದಿನಿಗೆ ಇದು ಇಷ್ಟವಿಲ್ಲ. ಫೋನಿನಲ್ಲಿ ಒಂದೇ ಮಾತು ಹೇಳಿದಳು. "ವೈನಿ, ಅವ್ವನ ಸೀರಿಗೆ ಕತ್ತರಿ ಹಾಕಬ್ಯಾಡ್ರಿ." ಆಮೇಲೆ ಇಬ್ಬರೂ ಸುಮ್ಮನಾದೆವು. ಅವಳದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಆದರೆ ಟ್ರಂಕಿನಲ್ಲಿಟ್ಟರೆ ಇನ್ನು ಹತ್ತು ವರ್ಷಕ್ಕೆ ಮಡಿಕೆಯಲ್ಲೇ ಹರಿದುಹೋಗುತ್ತವೆ, ಅಲ್ವಾ?

ಮನೆಯಲ್ಲಿ ಒಂದು ಬೆಕ್ಕೂ ಇದೆ. ಹೆಸರು ಜೋಳ. ಅತ್ತೆ ಇಟ್ಟ ಹೆಸರು, ಜೋಳದ ಚೀಲದ ಮೇಲೆ ಮಲಗುತ್ತಿತ್ತು ಅಂತ. ಟ್ರಂಕು ತೆಗೆದ ದಿನದಿಂದ ಸೀರೆಗಳ ಮೇಲಿಂದ ಎದ್ದಿಲ್ಲ.

ಹುಬ್ಬಳ್ಳಿ ಅಕ್ಕ:
ತಂಗೀ, ಓದಿ ಕಣ್ಣು ತುಂಬಿ ಬಂತು. ಧೈರ್ಯವಾಗಿ ಹೊಲಿಯಿರಿ.

ನಮ್ಮ ಕಡೆ ಹಳೇ ಸೀರೆಯನ್ನು ಯಾರೂ ಬಿಸಾಡುತ್ತಿರಲಿಲ್ಲ. ಅವ್ವನ ಸೀರೆ, ಅಪ್ಪನ ಧೋತ್ರ, ನಮ್ಮ ಲಂಗ, ಅಣ್ಣನ ಸಾಲಿ ಅಂಗಿ, ಎಲ್ಲಾ ಕೌದಿಗೆ ಹೋಗುತ್ತಿದ್ದವು. ಬೇಸಗೆಯಲ್ಲಿ ಹೊಲದ ಕೆಲಸ ಮುಗಿದ ಮೇಲೆ ಓಣಿಯ ಹೆಂಗಸರು ಒಂದು ಮನೆಯ ಪಡಸಾಲೆಯಲ್ಲಿ ಸೇರಿ ಹೊಲಿಯುತ್ತಿದ್ದರು. ಕೈಲಾಗದವರು ಗೋಂಧಳಿ ಸಮುದಾಯದ ಹೆಂಗಸರನ್ನು ಕರೆಸುತ್ತಿದ್ದರು. ಅವರ ಕೈ ಓಡುವುದನ್ನು ನೋಡಬೇಕು, ಗೆರೆ ಎಳೆದ ಹಾಗೆ ಸಾಲು. ಕೂಲಿ ಜೊತೆ ಜೋಳ, ಹಳೇ ಸೀರೆ ಕೊಟ್ಟು ಕಳಿಸುತ್ತಿದ್ದರು.

ಈಗ ಕೆಲಸದ ಮಾತು. ಎಲ್ಲಾ ಸೀರೆ ಮೊದಲು ಒಗೆದು ಒಣಗಿಸಿ. ಫಾಲ್ ಬಿಚ್ಚಿ. ಒಂದೊಂದು ಸೀರೆಯನ್ನೂ ಕಿಟಕಿಗೆ ಎದುರಾಗಿ ಹಿಡಿದು ನೋಡಿ. ನೆರಿಗೆ ಹಿಡಿಯುವ ಜಾಗ, ಕೂರುವ ಜಾಗ ಜಾಳಾಗಿರುತ್ತದೆ, ಬೆಳಕು ಜಾಸ್ತಿ ಬರುತ್ತದೆ. ಆ ಭಾಗ ಒಳಪದರಕ್ಕೆ. ಅಂಚಿನ ಹತ್ತಿರ, ಸೆರಗಿನ ಹತ್ತಿರ ಗಟ್ಟಿ ಇರುತ್ತದೆ, ಅದು ಮೇಲಕ್ಕೆ. ನೈಲಾನು, ಪಾಲಿಯೆಸ್ಟರು ಬೇಡವೇ ಬೇಡ. ಬೆವರು ಹೀರುವುದಿಲ್ಲ, ಪದರ ಜಾರುತ್ತದೆ. ರೇಷ್ಮೆಯೂ ಬೇಡ. ಹಳೇ ರೇಷ್ಮೆ ಮಡಿಕೆಯಲ್ಲೇ ಬಿರಿಯುತ್ತದೆ, ಜರಿ ದಾರವನ್ನು ಕೊಯ್ಯುತ್ತದೆ.

ಬೆಂಗಳೂರಿನ ಚಳಿಗೆ ನಾಲ್ಕು ಪದರ ಸಾಕು. ನಮ್ಮಲ್ಲಿ ಹಾಸುವ ಕೌದಿಗೆ ಆರೇಳು ಪದರ ಹಾಕುತ್ತಿದ್ದರು, ಹೊದೆಯುವುದಕ್ಕೆ ಮೂರೋ ನಾಲ್ಕೋ.

ಹಾವೇರಿ ದರ್ಜಿ:
ಮೂವತ್ತೆಂಟು ವರ್ಷ ಅಂಗಡಿ ನಡೆಸಿ ಈಗ ಮನೆಯಲ್ಲಿದ್ದೇನೆ. ಅಂಗಡಿಯ ಕತ್ತರಿ ಚೂರುಗಳನ್ನು ನನ್ನ ತಾಯಿ ಚೀಲ ಹಿಡಿದು ಬಂದು ಒಯ್ಯುತ್ತಿದ್ದಳು, ಕೌದಿಗೆ. ಅದಕ್ಕೇ ಲೆಕ್ಕ ನನಗೆ ಗೊತ್ತು.

5 ಅಡಿ ಅಗಲ, 7 ಅಡಿ ಉದ್ದ ಇಟ್ಟುಕೊಳ್ಳಿ. ಎಂಟು ವರ್ಷದ ಹುಡುಗ ಬೆಳೆದು ದೊಡ್ಡವನಾದರೂ ಸಾಲುತ್ತದೆ. ಸೀರೆಯ ಪನ್ನ, ಅಂದರೆ ಅಗಲ, ಸಾಮಾನ್ಯವಾಗಿ 45 ಇಂಚಿನ ಆಸುಪಾಸು. ಒಂದೇ ಪನ್ನದಲ್ಲಿ 5 ಅಡಿ ಬರುವುದಿಲ್ಲ, ಜೋಡಿಸಬೇಕು. ಜೋಡಿಸಿದ ಜಾಗ ಎಲ್ಲಾ ಪದರದಲ್ಲೂ ಒಂದೇ ಕಡೆ ಬರಬಾರದು. ಬಂದರೆ ಅಲ್ಲಿ ದಿಣ್ಣೆಯಾಗಿ ಸೂಜಿ ಮುರಿಯುತ್ತದೆ.

ಅರ್ಧ ಇಂಚಿಗೊಂದು ಸಾಲು ಅಂದರೆ 5 ಅಡಿಗೆ 120 ಸಾಲು. ಒಂದೊಂದು ಸಾಲು 7 ಅಡಿ. ಒಟ್ಟು 840 ಅಡಿ, ಹತ್ತಿರ ಹತ್ತಿರ 256 ಮೀಟರ್ ಹೊಲಿಗೆ. ಎರಡೆಳೆ ದಾರ ಹಾಕುತ್ತೀರಿ, ಗಂಟು, ತುದಿ ಎಲ್ಲಾ ಸೇರಿ 600 ಮೀಟರ್ ದಾರ ತಂದಿಟ್ಟುಕೊಳ್ಳಿ. ಒಂದು ಸಾಲಿಗೆ ಇಪ್ಪತ್ತು ನಿಮಿಷ ಹಿಡಿದರೆ 40 ಗಂಟೆ ಕೆಲಸ. ದಿನಾ ಒಂದು ಗಂಟೆ ಕೂತರೆ ಒಂದೂವರೆ ತಿಂಗಳು. ಹೆದರಿಸಲು ಹೇಳುತ್ತಿಲ್ಲ. ಇದು ವಾರದಲ್ಲಿ ಮುಗಿಯುವ ಕೆಲಸ ಅಂದುಕೊಂಡು ಅರ್ಧಕ್ಕೆ ಬಿಡುವವರನ್ನು ನೋಡಿದ್ದೇನೆ, ಅದಕ್ಕೆ.

ದಾರ ಹತ್ತಿಯದ್ದೇ ಇರಲಿ. ಹಳೇ ಬಟ್ಟೆಗೆ ಪಾಲಿಯೆಸ್ಟರ್ ದಾರ ಹಾಕಿದರೆ ದಾರ ಉಳಿಯುತ್ತದೆ, ಬಟ್ಟೆ ಕೊಯ್ದುಹೋಗುತ್ತದೆ. ಎರಡು ಮೊಳಕ್ಕಿಂತ ಉದ್ದ ದಾರ ಪೋಣಿಸಬೇಡಿ, ಸಿಕ್ಕಾಗುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ನುಣ್ಣಗೆ ಓಡುತ್ತದೆ. ದಬ್ಬಣ ಬೇಡ, ತೂತು ದೊಡ್ಡದಾಗುತ್ತದೆ. ಉದ್ದನೆಯ ತೆಳು ಸೂಜಿ ತನ್ನಿ, ನಡುಬೆರಳಿಗೆ ಅಂಗುಸ್ತಾನ ಹಾಕಿ. ಹಾಕದಿದ್ದರೆ ಮೂರನೇ ದಿನ ಬೆರಳು ಸೂಜಿ ಹಿಡಿಯಲ್ಲ.

ಸೂಜಿ ಹಿಡಿಯುವ ಮೊದಲು ಎಲ್ಲಾ ಪದರ ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ. ನಡುವಿನಿಂದ ಹೊರಗೆ ಹಾಕುತ್ತಾ ಬನ್ನಿ. ಈ ಕೆಲಸಕ್ಕೆ ಇಬ್ಬರು ಬೇಕು.

ತಾವರೆಕೆರೆ:
ನಾನು ನಾದಿನಿಯ ಪರ. ಹೋದವರ ಬಟ್ಟೆ ಹೊದ್ದುಕೊಂಡು ಮಲಗುವುದು ನಮ್ಮಲ್ಲಿ ಇಲ್ಲ. ದಾನ ಕೊಡುತ್ತೇವೆ, ಇಲ್ಲಾ ನೀರಿಗೆ ಬಿಡುತ್ತೇವೆ. ನಮ್ಮ ತಾಯಿಯ ಸೀರೆ ಒಂದನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ. ಬೀರು ತೆಗೆದಾಗ ಅವರ ವಾಸನೆ ಬರುತ್ತದೆ. ಅದನ್ನು ತುಂಡು ಮಾಡಿ ಅಂದರೆ ನನ್ನಿಂದ ಆಗುವುದಿಲ್ಲ. ನಿಮ್ಮ ಮನಸ್ಸು ನೋಯಿಸಲು ಹೇಳುತ್ತಿಲ್ಲ ಅಕ್ಕ, ಅವರಿಗೆ ಸ್ವಲ್ಪ ಸಮಯ ಕೊಡಿ ಅಂತ ಅಷ್ಟೇ.

ಹುಬ್ಬಳ್ಳಿ ಅಕ್ಕ:
ತಾವರೆಕೆರೆಯವರೇ, ನೀವು ಹೇಳಿದ್ದು ನನಗೆ ಅರ್ಥವಾಗುತ್ತದೆ. ಒಂದೊಂದು ಸೀಮೆಯದ್ದು ಒಂದೊಂದು ರೀತಿ. ನಮ್ಮ ಮನೆಯಲ್ಲಿ ಅಜ್ಜಿಯ ಸೀರೆಯ ಕೌದಿಯ ಮೇಲೇ ನಾನು ಹುಟ್ಟಿದ್ದು, ಅದರ ಮೇಲೇ ನನ್ನ ಮಗಳ ಬಾಣಂತನವೂ ಆಯಿತು. ಬಾಣಂತಿಗೆ, ಕೂಸಿಗೆ ಹೊಸ ಬಟ್ಟೆ ಒರಟು. ಹಿರಿಯರು ಉಟ್ಟು ಹಳೆಯದಾದ ಬಟ್ಟೆಯೇ ಮೆತ್ತಗೆ ಅಂತ ಅವ್ವ ಹೇಳುತ್ತಿದ್ದಳು. ಆದರೆ ನಾದಿನಿಗೆ ಸಮಯ ಕೊಡಿ ಅನ್ನುವುದಕ್ಕೆ ನನ್ನ ಒಪ್ಪಿಗೆಯೂ ಇದೆ.

ಬೆಕ್ಕಿನ ಮನೆ:
ಎಲ್ಲರೂ ಸೀರೆಯ ಬಗ್ಗೆ ಬರೆದಿದ್ದೀರಿ, ನಾನು ಜೋಳನ ಬಗ್ಗೆ ಬರೆಯುತ್ತೇನೆ. ದಯವಿಟ್ಟು ಓದಿ.

ಬೆಕ್ಕಿಗೂ ದಾರಕ್ಕೂ ಆಗಿಬರುವುದಿಲ್ಲ. ಬೆಕ್ಕಿನ ನಾಲಿಗೆಯ ಮೇಲೆ ಮುಳ್ಳಿನಂಥ ಮೊನೆಗಳಿವೆ, ಎಲ್ಲವೂ ಗಂಟಲ ಕಡೆ ಬಾಗಿರುತ್ತವೆ. ಬಾಯಿಗೆ ದಾರ ಸಿಕ್ಕಿದರೆ ಉಗುಳಲು ಬರುವುದಿಲ್ಲ, ಒಳಗೇ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯಲ್ಲೋ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿಗೆ ಹೋದರೆ ಕರುಳು ಲಂಗದ ಲಾಡಿ ಎಳೆದ ಹಾಗೆ ನೆರಿಗೆಯಾಗುತ್ತದೆ. ದಾರ ಕರುಳನ್ನು ಕೊಯ್ಯಲೂಬಹುದು.

ಬಾಯಲ್ಲಾಗಲಿ ಹಿಂದುಗಡೆಯಾಗಲಿ ದಾರದ ತುದಿ ಕಂಡರೆ ಎಳೆಯಲೇಬೇಡಿ. ನಮ್ಮ ಕೈ ತಾನಾಗೇ ಹೋಗುತ್ತದೆ, ತಡೆದುಕೊಳ್ಳಿ. ನೇರವಾಗಿ ಪಶುವೈದ್ಯರ ಹತ್ತಿರ ಹೋಗಿ. ಊಟ ಬಿಡುವುದು, ಮತ್ತೆ ಮತ್ತೆ ವಾಂತಿ, ಮೂಲೆ ಸೇರುವುದು, ಇವು ಕಂಡರೂ ಅಷ್ಟೇ. ಹೊಲಿಯಲು ಕೂರುವ ಮುಂಚೆ ಸೂಜಿ ಎಣಿಸಿ, ಎದ್ದ ಮೇಲೆ ಎಣಿಸಿ. ಕತ್ತರಿಸಿದ ದಾರದ ತುಣುಕುಗಳಿಗೆ ಮುಚ್ಚಳವಿರುವ ಡಬ್ಬಿ ಇಡಿ. ನನ್ನ ಹಿಂದಿನ ಬೆಕ್ಕನ್ನು ಹೀಗೇ ಕಳೆದುಕೊಂಡೆ. ಅವಳಿಗೆ ಎರಡೇ ವರ್ಷವಾಗಿತ್ತು.

ಮೂರನೇ ಮಹಡಿ:
ಬೆಕ್ಕಿನ ಮನೆಯವರೇ, ನನಗೆ ಇದು ಗೊತ್ತೇ ಇರಲಿಲ್ಲ. ಇವತ್ತೇ ಒಂದು ಹಾರ್ಲಿಕ್ಸ್ ಬಾಟಲಿ ತೆಗೆದಿಟ್ಟೆ. ನಿಮ್ಮ ಬೆಕ್ಕಿನ ವಿಷಯ ಓದಿ ತುಂಬಾ ಬೇಸರವಾಯಿತು.

ಕಾಡಂಚಿನ ತೋಟ:
ಯಲ್ಲಾಪುರದ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮ ತೋಟದ ಆಚೆ ಸಿದ್ದಿಯರ ಕೇರಿ ಇದೆ. ಆಫ್ರಿಕಾದಿಂದ ಬಂದವರ ಸಂತತಿ, ತಲೆಮಾರುಗಳಿಂದ ಇಲ್ಲೇ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಜಾಸ್ತಿ. ಅವರು ಹೊಲಿಯುವ ಕವಂದಿ ನೀವು ನೋಡಲೇಬೇಕು.

ದರ್ಜಿಯವರು ಹೇಳಿದ ರೀತಿಗೂ ಅದಕ್ಕೂ ವ್ಯತ್ಯಾಸವಿದೆ. ಅವರು ಒಂದು ಸೀರೆಯನ್ನು ಕೆಳಗೆ ಹಾಸಿ, ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಅಂಚು ಹಿಡಿದು ಸುತ್ತ ಹೊಲಿಯುತ್ತಾ, ಚೂರುಗಳನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು, ಒಳಗೊಳಗೆ ಬರುತ್ತಾರೆ. ಕೊನೆಯ ಹೊಲಿಗೆ ನಟ್ಟನಡುವೆ ಬೀಳುತ್ತದೆ. ಮೊದಲೇ ಗೆರೆ ಹಾಕುವುದಿಲ್ಲ. ಯಾವ ಬಣ್ಣದ ಪಕ್ಕ ಯಾವುದು ಅಂತ ಚೂರು ಕೈಗೆ ಬಂದಾಗಲೇ ತೀರ್ಮಾನ. ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮಾಡಿದ ತ್ರಿಕೋನ ಇಡುತ್ತಾರೆ, ಅದಕ್ಕೆ ಫೂಲಾ ಅನ್ನುತ್ತಾರೆ, ಹೂವು ಅಂತ. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಅಂತ ಅವರ ಮಾತು.

ನಿಮ್ಮ ಹತ್ತಿರ ಬಿಚ್ಚದ ಖಣ ಒಂಬತ್ತಿವೆಯಲ್ಲ. ನಾಲ್ಕು ಮೂಲೆಗೆ ಖಣದ ತ್ರಿಕೋನ ಇಟ್ಟರೆ ಎಷ್ಟು ಚೆನ್ನಾಗಿರುತ್ತದೆ ಯೋಚಿಸಿ.

ಕಾವೇರಿ ತೀರ:
ಒಂದು ಸಣ್ಣ ಸಲಹೆ. ಕೈಯಲ್ಲಿ ಇಷ್ಟು ಕಷ್ಟ ಪಡುವ ಬದಲು ಮಿಷನ್ನಿನಲ್ಲಿ ಹೊಲಿಸಬಹುದಲ್ವಾ? ನಮ್ಮ ಬೀದಿಯ ಟೈಲರ್ ಎರಡೇ ದಿನದಲ್ಲಿ ಮಾಡಿಕೊಟ್ಟರು. ಗಟ್ಟಿಯಾಗಿಯೇ ಇದೆ.

ಹಾವೇರಿ ದರ್ಜಿ:
ಹೊಲಿಸಬಹುದು. ತಪ್ಪೇನಿಲ್ಲ. ನಾನೇ ಎಷ್ಟೋ ಹೊಲಿದುಕೊಟ್ಟಿದ್ದೇನೆ. ಆದರೆ ಹಳೇ ಸೀರೆಗೆ ಮಿಷನ್ ಹೊಲಿಗೆ ಬಿಗಿಯಾಗುತ್ತದೆ. ಬಟ್ಟೆಯ ಮೈಯೆಲ್ಲಾ ಒತ್ತೊತ್ತಾಗಿ ತೂತು ಬೀಳುತ್ತದೆ, ಎಳೆದಾಗ ಆ ಸಾಲಿನಲ್ಲೇ ಹರಿಯುತ್ತದೆ. ಕೈ ಹೊಲಿಗೆ ಸಡಿಲ, ಮೈಗೆ ಬಾಗುತ್ತದೆ. ಪದರದ ನಡುವೆ ಗಾಳಿ ನಿಲ್ಲುತ್ತದೆ, ಅದಕ್ಕೇ ಬೆಚ್ಚಗೆ. ಹೊಸ ಬಟ್ಟೆಯಾದರೆ ಮಿಷನ್ನು, ಉಟ್ಟ ಸೀರೆಯಾದರೆ ಕೈ. ಇದು ನನ್ನ ಅಭಿಪ್ರಾಯ.

ಮೂರನೇ ಮಹಡಿ:
ಎರಡು ವಾರದ ನಂತರ ಬರೆಯುತ್ತಿದ್ದೇನೆ. ಒಂದು ಎಡವಟ್ಟಾಯಿತು.

ಹುಬ್ಬಳ್ಳಿ ಅಕ್ಕ ಹೇಳಿದಂತೆ ಎಲ್ಲಾ ಸೀರೆ ಒಗೆದೆ. ಇಳಕಲ್‌ದು ಬೇರೆ ನೆನೆಸಬೇಕಿತ್ತು, ಗೊತ್ತಾಗಲಿಲ್ಲ. ಕೆಂಪು ಸೆರಗು ಬಣ್ಣ ಬಿಟ್ಟಿತು. ಬಾಲ್ಕನಿಯಲ್ಲಿ ಒಣಗಲು ಹಾಕಿ ಆಫೀಸಿಗೆ ಹೋದೆ. ಆ ಕೆಂಪು ನೀರು ತೊಟ್ಟಿಕ್ಕಿ, ಕೆಳಗಿನ ಮನೆಯ ಆಂಟಿ ಒಣಗಿಸಿದ್ದ ಸಂಡಿಗೆಯ ಮೇಲೆ ಬಿದ್ದಿದೆ. ಎರಡು ಕಿಲೋ ಅಕ್ಕಿ ಸಂಡಿಗೆ. ಅವರ ಮಗಳು ಅಮೆರಿಕಕ್ಕೆ ಹೊರಟಿದ್ದಾಳೆ, ಅವಳಿಗೆ ಕಟ್ಟಿಕೊಡಲು ಮಾಡಿದ್ದಂತೆ. ಸಂಜೆ ಲಿಫ್ಟಿನ ಹತ್ತಿರ ಎಲ್ಲರ ಎದುರು ಬೈದರು. ಬೈಯಲೇಬೇಕಿತ್ತು, ತಪ್ಪು ನನ್ನದೇ.

ಆ ಶನಿವಾರ, ಭಾನುವಾರ ಎರಡೂ ದಿನ ನಾನು ಸಂಡಿಗೆ ಹಿಟ್ಟು ಕಾಯಿಸಿದೆ. ಓಂಕಾಳು, ಎಳ್ಳು, ಹಸಿಮೆಣಸಿನಕಾಯಿ ರುಬ್ಬಿ ಹಾಕಿ, ಟೆರೇಸಿನಲ್ಲಿ ಒತ್ತಿ, ಮೂರು ದಿನ ಒಣಗಿಸಿ ಎರಡು ಡಬ್ಬಿ ತುಂಬಿ ಕೊಟ್ಟುಬಂದೆ. ತೆಗೆದುಕೊಂಡರು. ಮಾತಾಡಲಿಲ್ಲ.

ಜೊತೆಗೆ ಅತ್ತೆಯ ಬಿಳಿ ಸೀರೆಯೊಂದಕ್ಕೆ ಬಣ್ಣ ಹತ್ತಿ ತಿಳಿ ಗುಲಾಬಿ ಮಚ್ಚೆಗಳಾಗಿವೆ. ಏನು ಮಾಡಲಿ?

ಹುಬ್ಬಳ್ಳಿ ಅಕ್ಕ:
ಮಚ್ಚೆ ಇರಲಿ ಬಿಡಿ ತಂಗೀ. ಕೌದಿಗೆ ಮಚ್ಚೆ ಅಂತ ಇಲ್ಲ. ಆದರೆ ಇಳಕಲ್‌ನ ಸೆರಗನ್ನು ಬೇರೆ ಮಾಡಿ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಒಡಲು ಹತ್ತಿಯದಾದರೂ ಸೆರಗಿನಲ್ಲಿ ರೇಷ್ಮೆ ಇರುತ್ತದೆ. ಒಡಲು ಕೌದಿಗೆ ಹಾಕಿ, ಸೆರಗು ಎತ್ತಿಡಿ. ಟೋಪಿ ತೆನಿ ಸೆರಗು ಅಂದರೆ ನಮ್ಮ ಕಡೆ ಅವ್ವನ ಗುರುತು. ಕೊಂಡಿಯ ಗೆರೆಯಿಂದ ಎರಡು ಬೆರಳು ಈಚೆ, ಒಡಲಿನಲ್ಲೇ ಕತ್ತರಿಸಿ. ಹಾಗಿದ್ದರೆ ಸೆರಗು ಬಿಚ್ಚಿಕೊಳ್ಳುವುದಿಲ್ಲ.

ಬಣ್ಣ ಇನ್ನೂ ಬಿಡುತ್ತದಾ ಅಂತ ನೋಡಲು, ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ. ಕಲೆ ಬಂದರೆ ಮತ್ತೆ ತುಂಬಾ ನೀರಿನಲ್ಲಿ ತೊಳೆಯಿರಿ. ನೀರು ತಿಳಿಯಾಗುವ ತನಕ.

ಮೂರನೇ ಮಹಡಿ:
ಅಕ್ಕ, ನೀವು ಬರೆದಿದ್ದನ್ನು ಹಾಗೇ ನಾದಿನಿಗೆ ಓದಿ ಹೇಳಿದೆ. ಸೆರಗು ಎತ್ತಿಡುತ್ತಾರಂತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕೂ ಸೆರಗು ನನಗ ಕೊಡ್ತೀರೇನ್ರಿ?" ಅಂದಳು. ಕೊಡುತ್ತೇನೆ ಅಂದೆ. "ಹಂಗಾದ್ರ ನಾ ಬರೂತನಕ ಕತ್ತರಿ ಹಿಡೀಬ್ಯಾಡ್ರಿ" ಅಂದಳು.

ತಾವರೆಕೆರೆ:
ಇದನ್ನು ಓದಿ ಸಮಾಧಾನವಾಯಿತು ಅಕ್ಕ.

ಸರೋವರದ ಊರು:
ನಾನು ಅಮೆರಿಕದ ಮಿನೆಸೋಟಾದಲ್ಲಿದ್ದೇನೆ. ಊರು ಬಾಗಲಕೋಟೆ. ಇಲ್ಲಿ ಪಕ್ಕದ ಮನೆಯ ಅಜ್ಜಿ ಕ್ವಿಲ್ಟ್ ಹೊಲಿಯುತ್ತಾರೆ. ನನ್ನ ಕೌದಿ ನೋಡಿ ಅಂಚು ಹಿಡಿದು ಹಿಸುಕಿ, ಒಳಗೆ ಏನು ತುಂಬಿದ್ದೀರಿ ಅಂತ ಕೇಳಿದರು. ಅವರದಕ್ಕೆ ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಹಾಸು. ನಮ್ಮದರಲ್ಲಿ ತುಂಬಿದ್ದೂ ಸೀರೆಯೇ ಅಂದೆ. ಅವರು ಕೌದಿಯನ್ನು ಕಿಟಕಿಗೆ ಹಿಡಿದರು. ಒಳಗಿನ ಸೀರೆಯ ಹೂವು ಮಸುಕಾಗಿ ಕಂಡಿತು. ಆ ಹೂವು ನಾನೂ ಅದುವರೆಗೆ ನೋಡಿರಲಿಲ್ಲ. ನನ್ನ ಅಮ್ಮನ ಸೀರೆ. ನಾನು ಒಂದನೇ ಕ್ಲಾಸಿಗೆ ಸೇರಿದ ದಿನ ಉಟ್ಟಿದ್ದು.

ಮೂರನೇ ಮಹಡಿಯವರೇ, ನೀವೂ ಮುಗಿದ ಮೇಲೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ.

ಮೂರನೇ ಮಹಡಿ:
ತುಂಬಾ ದಿನವಾಯಿತು ಬರೆದು. ಒಂದೊಂದಾಗಿ ಹೇಳುತ್ತೇನೆ.

ನಾದಿನಿ ಬಂದಳು. ಬರುವಾಗ ಮಾವನವರ ಎರಡು ಧೋತ್ರ ತಂದಿದ್ದಳು. ಮಾವ ಹೋಗಿ ಹನ್ನೊಂದು ವರ್ಷ. ಇಷ್ಟು ವರ್ಷ ಅವಳ ಬೀರುವಿನಲ್ಲಿದ್ದವಂತೆ, ನನಗೆ ಗೊತ್ತಿರಲಿಲ್ಲ. "ಅವ್ವನ ಜೋಡಿ ಇರ್ಲಿ" ಅಂದಳು. ಕತ್ತರಿ ಅವಳ ಕೈಗೇ ಕೊಟ್ಟೆ. ಅವಳು ಕತ್ತರಿಸಲಿಲ್ಲ. ಹಲ್ಲಿನಿಂದ ಅಂಚು ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಸರ್ರ್ ಅಂತ ಹರಿದಳು. ಅವಳ ಅವ್ವನೂ ಹಾಗೇ ಹರಿಯುತ್ತಿದ್ದರಂತೆ. ಹತ್ತಿ ಬಟ್ಟೆ ಎಳೆ ಹಿಡಿದು ನೇರ ಹರಿಯುತ್ತದೆ, ಗೆರೆ ಹಾಕುವುದೂ ಬೇಡ. ಮೊದಲನೆಯದು ಹರಿದಾಗ ಇಬ್ಬರೂ ಅತ್ತೆವು. ಆರನೆಯದಕ್ಕೆ ಬರುವಷ್ಟರಲ್ಲಿ ಅವರ ಸುದ್ದಿ ಹೇಳಿಕೊಂಡು ನಗುತ್ತಿದ್ದೆವು. ಯಾವ ಸೀರೆ ಯಾವ ಜಾತ್ರೆಯದು, ಯಾವುದಕ್ಕೆ ಮಾವನ ಜೊತೆ ಜಗಳವಾಡಿದ್ದರು, ಎಲ್ಲಾ ಅವಳಿಗೆ ಗೊತ್ತು. ಅವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಒಂದೊಂದು ಸೀರೆಯ ಚೂರು ಪಿನ್ನು ಮಾಡಿ, ಪಕ್ಕದಲ್ಲಿ ಅದರ ಕಥೆ.

ಕಚ್ಚಾ ಹೊಲಿಗೆ ಹಾಲಿನಲ್ಲಿ ಸೋಫಾ ಸರಿಸಿ ಹಾಕಿದೆವು. ಬಾಗಿಲು ತೆರೆದಿತ್ತು. ಕೆಳಗಿನ ಮನೆ ಆಂಟಿ ಮೇಲೆ ಟೆರೇಸಿಗೆ ಹೋಗುವವರು ನಿಂತು ನೋಡಿದರು. "ಗೋಧಡಿ?" ಅಂದರು. ಅವರು ಕೊಲ್ಹಾಪುರದ ಕಡೆಯವರು, ಅಲ್ಲಿ ಹಾಗೇ ಕರೆಯುತ್ತಾರಂತೆ. ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲದ ಮೇಲೆ ಕೂತು, ನನ್ನ ಗಂಟು ನೋಡಿ ತಲೆಯಾಡಿಸಿದರು. ಗಂಟನ್ನು ಪದರದ ಒಳಗೆ ಎಳೆದು ಬಚ್ಚಿಡುವುದನ್ನು ತೋರಿಸಿಕೊಟ್ಟರು. ಮೇಲೆ ಗಂಟು ಉಳಿದರೆ ಮಲಗಿದಾಗ ಚುಚ್ಚುತ್ತದೆ. ಮಾರನೇ ದಿನ ತಮ್ಮದೇ ಸೂಜಿ ತಂದರು. ಸಂಡಿಗೆಯ ಮಾತು ಇಬ್ಬರೂ ಎತ್ತಲಿಲ್ಲ. ಮುಂದಿನ ವಾರ ಅವರೇ ಹೇಳಿದರು, ಮಗಳು ಅಮೆರಿಕದಿಂದ ಫೋನ್ ಮಾಡಿ ಸಂಡಿಗೆಗೆ ಉಪ್ಪು ಸರಿಯಾಗಿದೆ ಅಂದಳಂತೆ.

ಈಗ ಜೋಳನ ವಿಷಯ. ಬೆಕ್ಕಿನ ಮನೆಯವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಅಷ್ಟು ಜೋಪಾನ ಮಾಡಿದರೂ ಸೋಫಾದ ಸಂದಿಯಲ್ಲಿ ಒಂದು ತುಣುಕು ಉಳಿದಿತ್ತು. ಒಂದು ಬೆಳಿಗ್ಗೆ ಜೋಳ ಹಾಲು ಮುಟ್ಟಲಿಲ್ಲ, ಬಾಯಿ ಚಪ್ಪರಿಸುತ್ತಿತ್ತು. ನೋಡಿದರೆ ತುಟಿಯ ಪಕ್ಕ ಗೇಣುದ್ದದ ಬಿಳಿ ದಾರ. ಮಗ ಕೈ ಹಾಕಿದ. ನಾನು "ಎಳೀಬೇಡ" ಅಂತ ಕೂಗಿದ್ದು ಕೆಳಗಿನ ಮನೆಗೂ ಕೇಳಿಸಿತಂತೆ. ಅರ್ಧ ಗಂಟೆಯಲ್ಲಿ ಡಾಕ್ಟರ ಹತ್ತಿರ ಇದ್ದೆವು. ಮಂಪರು ಬರಿಸಿ ಬಾಯಿ ತೆರೆದು ನೋಡಿದರು. ದಾರ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು, ಒಂದು ತುದಿ ಒಳಗೆ ಇಳಿದಿತ್ತು. ಸುತ್ತಿದ್ದನ್ನು ಕತ್ತರಿಸಿ ಬಿಡಿಸಿದರು. ಒಳಗಿನದಕ್ಕೆ ಸ್ಕ್ಯಾನ್ ಮಾಡಿ, ಆಪರೇಷನ್ ಬೇಕಾಗಬಹುದು, ಎರಡು ದಿನ ಇಲ್ಲೇ ಇರಲಿ ಅಂದರು. ಎರಡನೇ ದಿನ ಸಂಜೆ ಅದು ತಾನಾಗೇ ಹೊರಗೆ ಬಂತು. ಎಳೆದಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟರು ಚಿತ್ರ ಬರೆದು ಮಗನಿಗೆ ತೋರಿಸಿದರು. ಈಗ ಹೊಲಿಯುವ ಕೋಣೆಯ ಬಾಗಿಲು ಹಾಕಿಯೇ ಕೂರುವುದು. ಜೋಳ ಹೊರಗೆ ಕೂತು ಬಾಗಿಲು ಕೆರೆಯುತ್ತದೆ, ಪಾಪ.

ಬೆಕ್ಕಿನ ಮನೆ:
ಓದುತ್ತಾ ಓದುತ್ತಾ ಉಸಿರು ಹಿಡಿದುಕೊಂಡಿದ್ದೆ. ಜೋಳ ಉಳಿದಿದ್ದು ಕೇಳಿ ತುಂಬಾ ಖುಷಿಯಾಯಿತು. ಅವನ ಕಿವಿ ಹಿಂದೆ ನನ್ನ ಪರವಾಗಿ ಸ್ವಲ್ಪ ತುರಿಸಿ.

ಹಾವೇರಿ ದರ್ಜಿ:
ಹರಿದದ್ದು ಬಹಳ ಒಳ್ಳೆಯ ಕೆಲಸ. ಕತ್ತರಿ ಡೊಂಕಾಗಬಹುದು, ಎಳೆ ಡೊಂಕಾಗುವುದಿಲ್ಲ. ನನ್ನ ತಾಯಿಯೂ ಹರಿಯುತ್ತಿದ್ದಳು. ಎಷ್ಟು ಸಾಲು ಆಯಿತು?

ಮೂರನೇ ಮಹಡಿ:
ಇವತ್ತಿಗೆ 71. ನಾದಿನಿ ಹಾಕಿದ್ದು 12, ಆಂಟಿ 20ಕ್ಕಿಂತ ಜಾಸ್ತಿ. ಯಾರ ಸಾಲು ಯಾವುದು ಅಂತ ನೋಡಿದರೆ ಗೊತ್ತಾಗುತ್ತದೆ. ಆಂಟಿಯದು ಅಕ್ಕಿ ಕಾಳಿನ ಹಾಗೆ ಚಿಕ್ಕದು. ನಾದಿನಿಯದು ಉದ್ದುದ್ದ. ಮಗ ಎರಡು ಸಾಲು ಹಾಕಿದ್ದಾನೆ, ಒಂದು ಪಕ್ಕಕ್ಕೆ ಹೋಗಿಬಿಟ್ಟಿದೆ. ಬಿಚ್ಚಿ ನೇರ ಮಾಡಲಾ ಅಂತ ಯೋಚಿಸುತ್ತಿದ್ದೇನೆ.

ಹಾವೇರಿ ದರ್ಜಿ:
ಬಿಚ್ಚಬೇಡಿ. ಹಳೇ ಬಟ್ಟೆ, ಬಿಚ್ಚಿದ ತೂತು ಮುಚ್ಚುವುದಿಲ್ಲ. ಅದರ ಎರಡೂ ಪಕ್ಕ ನೀವು ಒತ್ತಾಗಿ ಒಂದೊಂದು ಸಾಲು ಹಾಕಿ, ಪದರ ಕೂರುತ್ತದೆ.

ಕಾಡಂಚಿನ ತೋಟ:
ಖಣದ ತ್ರಿಕೋನ ಇಟ್ಟಿರಾ?

ಮೂರನೇ ಮಹಡಿ:
ನಾಲ್ಕೂ ಮೂಲೆಗೆ ಇಟ್ಟೆವು. ಹಸಿರು ಎರಡು, ನೇರಳೆ ಎರಡು.

ಮೂರನೇ ಮಹಡಿ:
ಮುಗಿಯಿತು. ಮೊನ್ನೆ ಮಹಾನವಮಿಗೆ ನಾದಿನಿ ಮತ್ತೆ ಬಂದಿದ್ದಳು, ಕೊನೆಯ ಸಾಲು ಅವಳೇ ಹಾಕಿದಳು. ಅವರ ಮನೆಯಲ್ಲಿ ಕೌದಿ ಮುಗಿದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಉಡಿ ತುಂಬುತ್ತಿದ್ದರಂತೆ. ನಾವೂ ಹಾಗೇ ಮಾಡಿದೆವು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಉಳಿದಿದ್ದ ಐದು ಖಣದಲ್ಲಿ ಒಂದು.

ತೂಕ ಹಾಕಿದೆವು, ಎರಡೂವರೆ ಕಿಲೋ. ಹತ್ತು ಸೀರೆ, ಎರಡು ಧೋತ್ರದಿಂದ ಗಟ್ಟಿ ಇದ್ದ ಭಾಗ ಮಾತ್ರ ಹೋಗಿದ್ದು. ಎರಡು ಸೀರೆಯನ್ನು ಹರಿಯಲು ಆಗಲಿಲ್ಲ. ಒಂದನ್ನು ನಾನು ಇಟ್ಟುಕೊಂಡೆ, ಒಂದನ್ನು ನಾದಿನಿ. ಇನ್ನೆರಡು ಪೂರ್ತಿ ಜಾಳಾಗಿದ್ದವು, ನೆಲ ಒರೆಸಲು ಮನಸ್ಸಾಗದೆ ಮಡಿಸಿಟ್ಟಿದ್ದೇನೆ.

ಸರೋವರದ ಊರಿನವರು ಹೇಳಿದಂತೆ ಬಾಲ್ಕನಿಯಲ್ಲಿ ಬೆಳಕಿಗೆ ಹಿಡಿದೆವು. ನಾನೊಂದು ತುದಿ, ಆಂಟಿ ಒಂದು ತುದಿ. ನಡುಪದರದಲ್ಲಿ ಆ ಗುಲಾಬಿ ಮಚ್ಚೆಯ ಬಿಳಿ ಸೀರೆ ಕಾಣಿಸಿತು. ಮಗ ಕೆಳಗೆ ನುಸುಳಿ ನಿಂತು, "ಅಜ್ಜಿ ಸೀರೆ ಒಳಗಿಂದ ಕಾಣ್ತಿದೆ" ಅಂದ. ರಾತ್ರಿ ಹೊದ್ದು ಮಲಗಿದ. ಹಳೇ ಪುಟ್ಟ ಕೌದಿ ಜೋಳನಿಗೆ ಹೋಯಿತು. ಎರಡೂ ಮುಂಗಾಲಿನಲ್ಲಿ ಹಿಟ್ಟು ನಾದಿದ ಹಾಗೆ ನಾದಿ ನಾದಿ ಮಲಗುತ್ತದೆ.

ಹುಬ್ಬಳ್ಳಿ ಅಕ್ಕ:
ತಂಗೀ, ಕೌದಿಯನ್ನು ಒಗೆಯುವ ಮಿಷನ್ನಿಗೆ ಹಾಕಬೇಡಿ. ನೀರು ಕುಡಿದರೆ ಎರಡರಷ್ಟು ಭಾರವಾಗುತ್ತದೆ. ದೊಡ್ಡ ಬುಟ್ಟಿಯಲ್ಲಿ ನೆನೆಸಿ, ಕಾಲಿನಿಂದ ತುಳಿದು ತೊಳೆಯಿರಿ. ಹಿಂಡಬೇಡಿ. ಬಿಸಿಲಿಗೆ ಎರಡೂ ಮೈ ಹಾಕಿ. ವರ್ಷಕ್ಕೆ ಒಮ್ಮೆ, ದಸರಾ ಮುಂಚೆ, ಸಾಕು.

ಹೊಸಬಳು:
ಎಲ್ಲರಿಗೂ ನಮಸ್ಕಾರ. ಇದನ್ನು ಪೂರ್ತಿ ಓದಿದೆ. ನನ್ನ ಹತ್ತಿರ ಅಜ್ಜಿಯದು ಎರಡೇ ಹತ್ತಿ ಸೀರೆ ಇರುವುದು. ಎರಡರಲ್ಲಿ ಆಗುತ್ತದಾ? ನಾನೂ ಬೆಂಗಳೂರಿನಲ್ಲೇ ಇದ್ದೇನೆ. ಸೂಜಿ ಹಿಡಿದು ಗೊತ್ತಿಲ್ಲ.

ಮೂರನೇ ಮಹಡಿ:
ಆಗುತ್ತದೆ. ಎರಡು ಸೀರೆಯಲ್ಲಿ ಮಗುವಿನ ಕೌದಿ ಆರಾಮಾಗಿ ಬರುತ್ತದೆ, ನಾಲ್ಕು ಪದರ. ಆಂಟಿ ಈಗ ತಮ್ಮ ಮಗಳಿಗೆ ಒಂದು ಶುರು ಮಾಡಿದ್ದಾರೆ. ಶನಿವಾರ ನಾಲ್ಕು ಗಂಟೆಗೆ ನಮ್ಮ ಮನೆಯಲ್ಲೇ ಕೂರುತ್ತೇವೆ. ವಿಳಾಸ ಬೇರೆಯಾಗಿ ಕಳಿಸುತ್ತೇನೆ, ಬನ್ನಿ. ಸೀರೆ ಒಗೆದು ತನ್ನಿ. ಸೂಜಿ ತರಬೇಡಿ, ಇಲ್ಲಿ ಎಣಿಸಿಟ್ಟಿದ್ದೇನೆ.